ಸಂದರ್ಶನದಲ್ಲಿ ಮಿಂಚಿದವರು ಕೆಲಸದಲ್ಲೂ ಮಿಂಚುತ್ತಾರಾ?

ಕೆಲಸ ಖಾಲಿ ಇದೆ ಅಂತ ಜಾಹೀರಾತು ಹಾಕಿದರೆ ಈಗ ಅರ್ಜಿಗಳಿಗೆ ಬರವಿಲ್ಲ. ಕಷ್ಟ ಇರುವುದು ಆರಿಸುವುದರಲ್ಲಿ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಯಾರು ಬೇಕಾದರೂ ನಿಮಿಷಗಳಲ್ಲಿ ಚೊಕ್ಕವಾದ ರೆಸ್ಯೂಮೆ ಬರೆಸಿಕೊಳ್ಳಬಹುದು. ಇತ್ತ ಕಂಪನಿಗಳೂ ಅರ್ಜಿ ಸೋಸುವುದಕ್ಕೆ ಸಾಫ್ಟ್‌ವೇರ್ ಇಟ್ಟುಕೊಂಡಿವೆ. ಯಂತ್ರ ಬರೆದದ್ದನ್ನು ಯಂತ್ರವೇ ಓದುತ್ತಿದೆ. ನಿಜವಾಗಿ ಕೆಲಸ ಬಲ್ಲವರನ್ನು ಈ ಗದ್ದಲದಲ್ಲಿ ಗುರುತಿಸುವುದು ಹೇಗೆ?

ಇದು ದೊಡ್ಡ ಕಂಪನಿಗಳ ಎಚ್‌ಆರ್ ವಿಭಾಗದ ತಲೆನೋವು ಮಾತ್ರ ಅಲ್ಲ. ಇಬ್ಬರು ಮೂವರು ಇರುವ ಸಂಸ್ಥೆಗೆ ಒಬ್ಬ ತಪ್ಪು ವ್ಯಕ್ತಿ ಸೇರಿದರೆ ಪೆಟ್ಟು ಇನ್ನೂ ಜೋರು. ಕೆಲಸ ಹುಡುಕುವವರಿಗೂ ಇದು ಗೊತ್ತಿರಬೇಕು. ನಮ್ಮನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ ಅಂತ ತಿಳಿಯದೆ ಪರೀಕ್ಷೆಗೆ ಕೂರುವುದು ಹೇಗೆ, ಅಲ್ವಾ?

ಒಳ್ಳೆಯ ಸುದ್ದಿ ಅಂದರೆ, ಈ ವಿಷಯದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಶೋಧನೆ ನಡೆದಿದೆ. ಬೇಸರದ ಸುದ್ದಿ ಅಂದರೆ, ಅದರಲ್ಲಿ ಹೆಚ್ಚಿನದು ಸಂದರ್ಶನದ ಕೋಣೆಯ ಒಳಗೆ ಇನ್ನೂ ಬಂದಿಲ್ಲ.

ಆಯ್ಕೆ ಅಂದರೆ ಒಂದು ಊಹೆ

ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ನಾವು ಮಾಡುವುದು ಇಷ್ಟೇ: ಇವತ್ತು ಸಿಕ್ಕ ಅಲ್ಪಸ್ವಲ್ಪ ಮಾಹಿತಿ ಇಟ್ಟುಕೊಂಡು, ಈ ವ್ಯಕ್ತಿ ಮುಂದಿನ ಒಂದೆರಡು ವರ್ಷ ಹೇಗೆ ಕೆಲಸ ಮಾಡಬಹುದು ಅಂತ ಊಹಿಸುತ್ತೇವೆ. ರೆಸ್ಯೂಮೆ, ಪರೀಕ್ಷೆ, ಸಂದರ್ಶನ, ಹಳೆಯ ಕಂಪನಿಯವರನ್ನು ವಿಚಾರಿಸುವುದು, ಇವೆಲ್ಲ ಆ ಊಹೆಗೆ ಆಧಾರ ಒದಗಿಸುವ ದಾರಿಗಳು.

ಊಹೆ ಎರಡು ರೀತಿಯಲ್ಲಿ ತಪ್ಪಬಹುದು. ಆಗದವರನ್ನು ತೆಗೆದುಕೊಳ್ಳುವುದು ಒಂದು ತಪ್ಪು. ಚೆನ್ನಾಗಿ ಮಾಡಬಲ್ಲವರನ್ನು ಕೈಬಿಡುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ದುಡ್ಡು ಕಳೆಯುತ್ತದೆ, ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ಎರಡನೆಯದು ಯಾರಿಗೂ ಕಾಣುವುದಿಲ್ಲ. ನಾವು ಬೇಡ ಅಂದವರು ಬೇರೆ ಕಡೆ ಚೆನ್ನಾಗಿ ದುಡಿಯುತ್ತಿದ್ದರೆ ನಮಗೆ ಹೇಳುವವರು ಯಾರು? ಹಾಗಾಗಿಯೇ "ನಾನು ಮುಖ ನೋಡಿದರೆ ಸಾಕು, ಆಳು ಹೇಗೆ ಅಂತ ಹೇಳಿಬಿಡುತ್ತೇನೆ" ಎನ್ನುವವರ ಆತ್ಮವಿಶ್ವಾಸ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಒರೆಗೆ ಹಚ್ಚುವ ಅವಕಾಶವೇ ಬರುವುದಿಲ್ಲ.

ಅಪರೂಪಕ್ಕೆ ಒಮ್ಮೆ ಅಂಥ ಅವಕಾಶ ಬಂತು. 1979ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸಂದರ್ಶನ ಮುಗಿಸಿ 150 ವಿದ್ಯಾರ್ಥಿಗಳನ್ನು ಆರಿಸಿಕೊಂಡಿತ್ತು. ಅಷ್ಟರಲ್ಲಿ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಿ ಎಂದು ರಾಜ್ಯದ ಶಾಸನಸಭೆ ಹೇಳಿತು. ಆ ಹೊತ್ತಿಗೆ ಉಳಿದಿದ್ದವರು ಪಟ್ಟಿಯ ತಳದಲ್ಲಿದ್ದವರು. ಬೇರೆ ದಾರಿಯಿಲ್ಲದೆ ಅವರನ್ನೇ ಸೇರಿಸಿಕೊಂಡರು. ಮುಂದೆ ಎರಡೂ ಗುಂಪುಗಳನ್ನು ಹೋಲಿಸಿ ನೋಡಿದಾಗ ಓದಿನಲ್ಲಾಗಲಿ, ರೋಗಿಗಳ ಆರೈಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿದ್ಯಾರ್ಥಿಗಳನ್ನು ಆರಿಸುವುದೂ ನೌಕರರನ್ನು ಆರಿಸುವುದೂ ಪೂರ್ತಿ ಒಂದೇ ಅಲ್ಲ, ನಿಜ. ಆದರೂ ಸಂದರ್ಶನ ಮಾಡಿದವರು ಅಷ್ಟು ಖಚಿತವಾಗಿ ಎಳೆದಿದ್ದ ಗೆರೆಗೆ ಅರ್ಥವೇ ಇರಲಿಲ್ಲ ಎನ್ನುವುದು ಯೋಚಿಸುವಂಥದ್ದೇ.

ಲೋಕಾಭಿರಾಮದ ಸಂದರ್ಶನ

ಹೆಚ್ಚಿನ ಕಡೆ ಸಂದರ್ಶನ ಹೇಗೆ ನಡೆಯುತ್ತದೆ? "ನಿಮ್ಮ ಬಗ್ಗೆ ಹೇಳಿ" ಎಂದು ಶುರುವಾಗುತ್ತದೆ. ಮಾತು ಎಲ್ಲಿಗೆ ಹೋಗುತ್ತದೋ ಪ್ರಶ್ನೆಯೂ ಅಲ್ಲಿಗೇ ಹೋಗುತ್ತದೆ. ಒಬ್ಬರಿಗೆ ಕೇಳಿದ್ದನ್ನು ಇನ್ನೊಬ್ಬರಿಗೆ ಕೇಳುವುದಿಲ್ಲ. ಕೊನೆಗೆ "ಹುಡುಗ ಚುರುಕಿದ್ದಾನೆ" ಅಥವಾ "ಯಾಕೋ ಸರಿ ಅನಿಸಲಿಲ್ಲ" ಎಂಬ ತೀರ್ಮಾನ. ಇದನ್ನು ಲೋಕಾಭಿರಾಮದ ಸಂದರ್ಶನ ಅಂತ ಕರೆಯೋಣ.

ಇದು ಯಾಕೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಮೊದಲ ಸುಳಿವು ಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಬುದ್ಧಿ, ಮೈಕಟ್ಟು, ನಾಯಕತ್ವ, ನಡತೆ ಹೀಗೆ ಬೇರೆ ಬೇರೆ ಗುಣಗಳಿಗೆ ಅಂಕ ಕೊಟ್ಟಿದ್ದನ್ನು ಅವರು ಪರಿಶೀಲಿಸಿದರು. ಒಂದರಲ್ಲಿ ಜಾಸ್ತಿ ಅಂಕ ಪಡೆದವರಿಗೆ ಉಳಿದೆಲ್ಲದರಲ್ಲೂ ಜಾಸ್ತಿಯೇ ಸಿಕ್ಕಿತ್ತು. ಮೈಕಟ್ಟು ಚೆನ್ನಾಗಿದ್ದ ಮಾತ್ರಕ್ಕೆ ಬುದ್ಧಿಯೂ ಅಷ್ಟೇ ಚೆನ್ನಾಗಿರಬೇಕೆಂದು ಎಲ್ಲಿದೆ? ಒಂದು ಒಳ್ಳೆಯ ಗುಣದ ಬೆಳಕು ಉಳಿದ ಗುಣಗಳ ಮೇಲೂ ಬೀಳುವ ಇದಕ್ಕೆ 1920ರಲ್ಲಿ ಅವರು 'ಹೇಲೋ' ಎಂದು ಹೆಸರಿಟ್ಟರು, ಅಂದರೆ ಪ್ರಭಾವಳಿ. ಸಂದರ್ಶನದಲ್ಲಿ ಆ ಬೆಳಕು ಸಾಮಾನ್ಯವಾಗಿ ಬರುವುದು ಮಾತಿನಿಂದ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅಂತಾರಲ್ಲ, ಸಂದರ್ಶನದಲ್ಲಂತೂ ಅವನಿಗೆ ಸುಗ್ಗಿ.

2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇದಕ್ಕಿಂತ ಮಜವಾಗಿದೆ. ಜೇಸನ್ ಡೇನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್‌ಸನ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು: ಇನ್ನೊಬ್ಬ ವಿದ್ಯಾರ್ಥಿಯನ್ನು ಸಂದರ್ಶಿಸಿ, ಅವರ ಮುಂದಿನ ಅಂಕಗಳನ್ನು ಊಹಿಸಿ. ಕೆಲವು ಸಂದರ್ಶನಗಳಲ್ಲಿ ಎದುರಿಗಿದ್ದವರಿಗೆ ಗುಟ್ಟಾಗಿ ಒಂದು ಸೂಚನೆ ಇತ್ತು. ಹೌದು-ಇಲ್ಲ ಪ್ರಶ್ನೆಗಳಿಗೆ ನಿಜ ಹೇಳಬೇಡಿ, ಒಂದು ಗೊತ್ತಾದ ಲೆಕ್ಕದಂತೆ ಬಾಯಿಗೆ ಬಂದ ಉತ್ತರ ಕೊಡಿ ಅಂತ. ಪ್ರಶ್ನೆ ಕೇಳಿದವರಿಗೆ ಅದರ ಸುಳಿವೂ ಹತ್ತಲಿಲ್ಲ. ಎದುರಿಗಿದ್ದವರು ಹೇಗೆ ಎಂದು ಅರ್ಥವಾಗಿದೆ ಎಂದೇ ಅವರು ಅಂದುಕೊಂಡಿದ್ದರು. ಇನ್ನೂ ಒಂದು ವಿಷಯ ಇದೆ. ಸಂದರ್ಶನವನ್ನೇ ಮಾಡದೆ, ಹಳೆಯ ಅಂಕಗಳನ್ನಷ್ಟೇ ನೋಡಿ ಊಹಿಸಿದಾಗ ಫಲಿತಾಂಶ ಹೆಚ್ಚು ಸರಿಯಾಗಿತ್ತು! ಏನು ಕೇಳಿದರೂ ಅದಕ್ಕೊಂದು ಕತೆ ಕಟ್ಟಿಕೊಳ್ಳುವುದು ನಮ್ಮ ಮನಸ್ಸಿನ ಅಭ್ಯಾಸ. ಕತೆ ಚೆನ್ನಾಗಿ ಕೂಡಿಬಂದರೆ ಅದು ನಿಜ ಅಂತಲೂ ಅನಿಸಿಬಿಡುತ್ತದೆ.

ಚೌಕಟ್ಟು ಹಾಕಿದರೆ ಏನಾಗುತ್ತದೆ

ಹಾಗಾದರೆ ಸಂದರ್ಶನವೇ ಬೇಡವೇ? ಬೇಕು. ಅದಕ್ಕೊಂದು ಚೌಕಟ್ಟು ಬೇಕು.

ಡೇನಿಯಲ್ ಕಾನೆಮನ್ 2002ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಮನೋವಿಜ್ಞಾನಿ. 1955ರಲ್ಲಿ ಅವರಿಗಿನ್ನೂ 21 ವರ್ಷ, ಇಸ್ರೇಲಿನ ಸೈನ್ಯದಲ್ಲಿದ್ದರು. ಹೊಸದಾಗಿ ಸೇರುವವರನ್ನು ಯಾವ ವಿಭಾಗಕ್ಕೆ ಹಾಕಬೇಕು ಎಂದು ತೀರ್ಮಾನಿಸುವ ಸಂದರ್ಶನವನ್ನು ಸುಧಾರಿಸುವ ಕೆಲಸ ಅವರ ಪಾಲಿಗೆ ಬಂತು. ಹಳೆಯ ವಿಧಾನ ಅದೇ ಲೋಕಾಭಿರಾಮದ್ದು. ಅದರಿಂದ ಬರುತ್ತಿದ್ದ ಊಹೆಗೂ ಮುಂದಿನ ಕೆಲಸಕ್ಕೂ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ.

ಕಾನೆಮನ್ ಆರು ಗುಣಗಳನ್ನು ಗುರುತಿಸಿದರು. ಜವಾಬ್ದಾರಿ, ಜನರೊಂದಿಗೆ ಬೆರೆಯುವುದು, ಇಂಥವು. ಪ್ರತಿ ಗುಣಕ್ಕೂ ಆ ವ್ಯಕ್ತಿಯ ಹಿಂದಿನ ಬದುಕಿನ ಬಗ್ಗೆ ನಿರ್ದಿಷ್ಟ ಪ್ರಶ್ನೆಗಳನ್ನು ಬರೆದರು. ಒಂದು ಗುಣದ ಪ್ರಶ್ನೆ ಮುಗಿಸಿ, ಅಂಕ ಬರೆದು, ಆಮೇಲೆ ಮುಂದಿನದಕ್ಕೆ ಹೋಗಬೇಕು. ಒಂದರ ಅಂಕ ಇನ್ನೊಂದಕ್ಕೆ ಅಂಟಬಾರದು, ಅಷ್ಟೇ ಉದ್ದೇಶ. ಸಂದರ್ಶಕರು ಸಿಟ್ಟಾದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದರು. ಅವರನ್ನು ಸಮಾಧಾನ ಮಾಡಲು ಕೊನೆಗೊಂದು ಸಾಲು ಸೇರಿಸಿದರು: ಎಲ್ಲ ಅಂಕ ಬರೆದಾದ ಮೇಲೆ ಕಣ್ಣು ಮುಚ್ಚಿ, ಈ ವ್ಯಕ್ತಿಯನ್ನು ಸೈನಿಕನಾಗಿ ಕಲ್ಪಿಸಿಕೊಂಡು, ನಿಮಗೆ ಅನಿಸಿದ ಒಂದು ಅಂಕ ಕೊಡಿ.

ಕೆಲವು ತಿಂಗಳ ನಂತರ ನೋಡಿದರೆ ಆರು ಅಂಕಗಳ ಮೊತ್ತ ಹಳೆಯ ವಿಧಾನಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತ್ತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಕಾನೆಮನ್ನರೇ ಇದನ್ನು ನಿರೀಕ್ಷಿಸಿರಲಿಲ್ಲ. ಒಳಮನಸ್ಸಿನ ಮಾತು ಕೆಟ್ಟದ್ದೇನಲ್ಲ, ಅದು ಬೇಗ ಬಂದರೆ ಕೆಡಿಸುತ್ತದೆ. ವಿವರಗಳನ್ನೆಲ್ಲ ಶಿಸ್ತಾಗಿ ಕಲೆಹಾಕಿದ ಮೇಲೆ ಬಂದರೆ ಕೇಳಬಹುದು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ಮಾತು ಇದೇ ಅನಿಸುತ್ತದೆ.

ಇದನ್ನು ಯಾವ ಕೆಲಸಕ್ಕೆ ಬೇಕಾದರೂ ಹೊಂದಿಸಬಹುದು. ಗ್ರಾಹಕರ ದೂರು ಕೇಳುವ ಕೆಲಸ ಅಂದುಕೊಳ್ಳಿ. ಬೇಕಾದ ಗುಣ ತಾಳ್ಮೆ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. "ಕೋಪದಲ್ಲಿರುವವರ ಮಾತನ್ನು ಪೂರ್ತಿ ಕೇಳಿ, ಸಮಸ್ಯೆ ಏನೆಂದು ಬೇರ್ಪಡಿಸಿಕೊಳ್ಳಬೇಕು" ಎಂದು ಬರೆದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. "ಹಿಂದೆ ಯಾವಾಗಾದರೂ ತುಂಬ ಸಿಟ್ಟಾದವರೊಬ್ಬರನ್ನು ನಿಭಾಯಿಸಿದ್ದು ಹೇಳಿ. ಏನಾಗಿತ್ತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು?" ಹಿಂದೆ ಕೆಲಸ ಮಾಡಿರದ ಹೊಸಬರಾದರೆ "ಇಂಥ ಸಂದರ್ಭ ಬಂದರೆ ಏನು ಮಾಡುತ್ತೀರಿ?" ಎಂದು ಕೇಳಬಹುದು.

ಪ್ರಶ್ನೆ ಬರೆಯುವಾಗಲೇ ಉತ್ತರಕ್ಕೆ ಅಂಕದ ಅಳತೆಯನ್ನೂ ಬರೆದಿಡಬೇಕು. "ತಾಳ್ಮೆಯಿಂದ ಇದ್ದೆ" ಅಂತಷ್ಟೇ ಹೇಳಿದರೆ 1. ಮಾಡಿದ್ದನ್ನು ವಿವರವಾಗಿ ಹೇಳಿ, ಸಮಸ್ಯೆ ಬಗೆಹರಿಯದೇ ಉಳಿದಿದ್ದರೆ 3. ಸಮಸ್ಯೆಯನ್ನೂ ಬಗೆಹರಿಸಿ, ಅದು ಮತ್ತೆ ಬಾರದಂತೆ ಏನಾದರೂ ಮಾಡಿದ್ದರೆ 5. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಳತೆ. ಇಬ್ಬರು ಮೂವರು ಸೇರಿ ಸಂದರ್ಶನ ಮಾಡಿದರೆ ಪರಸ್ಪರ ಮಾತಾಡುವ ಮುಂಚೆಯೇ ಅವರವರ ಅಂಕ ಬರೆದುಬಿಡಬೇಕು. ಯಜಮಾನರು ಮೊದಲು ಬಾಯಿ ತೆರೆದರೆ ಉಳಿದವರ ಅಭಿಪ್ರಾಯ ಅಲ್ಲಿಗೇ ಮುಗಿಯಿತು.

ಒಗಟಿನಂಥ ಪ್ರಶ್ನೆಗಳ ಬಗ್ಗೆ ಒಂದೇ ಮಾತು. ವಿಮಾನದೊಳಗೆ ಎಷ್ಟು ಚೆಂಡು ಹಿಡಿಯುತ್ತವೆ ಎಂಬ ನಮೂನೆಯವು ಒಂದು ಕಾಲದಲ್ಲಿ ಗೂಗಲ್‌ನಿಂದಾಗಿ ಹೆಸರು ಮಾಡಿದ್ದವು. ಅಲ್ಲಿನ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ ಅವರೇ 2013ರಲ್ಲಿ, ಅವು ಸುಮ್ನೆ ಕಾಲಹರಣ ಎಂದು ಹೇಳಿದ್ದರು.

ಮಾತು ಬೇಡ, ಮಾಡಿ ತೋರಿಸಿ

ವಾಹನ ಓಡಿಸಲು ಬರುತ್ತದಾ ಅಂತ ಬಾಯಲ್ಲಿ ಕೇಳಿ ಯಾರೂ ಲೈಸೆನ್ಸ್ ಕೊಡುವುದಿಲ್ಲ. ಓಡಿಸಿ ತೋರಿಸು ಅನ್ನುತ್ತಾರೆ. ಕೆಲಸದ ಮಾದರಿ ಪರೀಕ್ಷೆ ಅಂದರೆ ಇದೇ. ಲೆಕ್ಕ ಬರೆಯುವವರಿಗೆ ತಪ್ಪುಗಳಿರುವ ಒಂದು ಲೆಕ್ಕಪತ್ರ ಕೊಟ್ಟು ಹುಡುಕಲು ಹೇಳುವುದು. ಅನುವಾದಕರಿಗೆ ಒಂದು ಪುಟ ಕೊಡುವುದು. ಪ್ರೋಗ್ರಾಮರ್‌ಗೆ ಕೆಟ್ಟು ನಿಂತ ಕೋಡ್ ಕೊಟ್ಟು ಸರಿಮಾಡಿಸುವುದು. ರೆಸ್ಯೂಮೆಯನ್ನು ಯಂತ್ರ ಬರೆದಿರಬಹುದು ಎಂಬ ಅನುಮಾನ ಇರುವ ಈ ಕಾಲದಲ್ಲಿ, ಎದುರಿಗೆ ಕೂತು ಮಾಡುವ ಇಂಥ ಸಣ್ಣ ಪರೀಕ್ಷೆಗೆ ಬೆಲೆ ಇನ್ನೂ ಜಾಸ್ತಿಯಾಗಿದೆ.

ಇದರಲ್ಲಿ ಒಂದು ದುರುಪಯೋಗವೂ ಇದೆ. ಪರೀಕ್ಷೆಯ ಹೆಸರಲ್ಲಿ ಎರಡು ಮೂರು ದಿನದ ಕೆಲಸ ಬಿಟ್ಟಿ ಮಾಡಿಸಿಕೊಳ್ಳುವುದು. ಈಗಾಗಲೇ ಕೆಲಸದಲ್ಲಿರುವ, ಮನೆಯ ಹೊಣೆ ಇರುವ ಒಳ್ಳೆಯ ಅಭ್ಯರ್ಥಿಗಳು ಇದನ್ನು ನೋಡಿದ ಕೂಡಲೇ ಹಿಂದೆ ಸರಿಯುತ್ತಾರೆ. ಒಂದೆರಡು ಗಂಟೆಗಿಂತ ಹೆಚ್ಚಾದರೆ ದುಡ್ಡು ಕೊಟ್ಟು ಮಾಡಿಸುವುದು ನ್ಯಾಯ.

ಯಾವುದಕ್ಕೆ ಎಷ್ಟು ತೂಕ

ಯಾವ ವಿಧಾನ ಎಷ್ಟು ನಂಬಿಕೆಗೆ ಅರ್ಹ ಎನ್ನುವುದನ್ನು ಸಂಶೋಧಕರು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಆಯ್ಕೆಯ ಹೊತ್ತಿನಲ್ಲಿ ಬಂದ ಅಂಕಕ್ಕೂ, ಮುಂದೆ ಮಾಡಿದ ಕೆಲಸದ ಗುಣಮಟ್ಟಕ್ಕೂ ಎಷ್ಟು ನಂಟು ಇದೆ ಎಂಬ ಅಳತೆ ಅದು. 0 ಅಂದರೆ ಚೀಟಿ ಎತ್ತಿದಂತೆ, ಏನೂ ಸಂಬಂಧವಿಲ್ಲ. 1 ಅಂದರೆ ಭವಿಷ್ಯ ಕಂಡಂತೆ. ಇದು ಶೇಕಡಾವಾರು ಅಲ್ಲ, ನೆನಪಿರಲಿ. 0.4 ಅಂದರೆ ನೂರಕ್ಕೆ 40 ಸಲ ಸರಿ ಅಂತ ಅರ್ಥವಲ್ಲ.

1998ರಲ್ಲಿ ಫ್ರ್ಯಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 19 ವಿಧಾನಗಳಿಗೆ ಈ ಸಂಖ್ಯೆ ಕೊಟ್ಟರು. ಕೆಲಸದ ಮಾದರಿ ಪರೀಕ್ಷೆಗೆ 0.54, ಬುದ್ಧಿಶಕ್ತಿ ಪರೀಕ್ಷೆಗೂ ಚೌಕಟ್ಟಿನ ಸಂದರ್ಶನಕ್ಕೂ 0.51, ಲೋಕಾಭಿರಾಮದ್ದಕ್ಕೆ 0.38. ಕೈಬರಹ ನೋಡಿ ಗುಣ ಹೇಳುವುದಕ್ಕೆ 0.02, ಅಂದರೆ ಹೆಚ್ಚುಕಡಿಮೆ ಸೊನ್ನೆ. ಸುಮಾರು ಕಾಲು ಶತಮಾನ ಎಲ್ಲರೂ ಉಲ್ಲೇಖಿಸುತ್ತಿದ್ದದ್ದು ಈ ಪಟ್ಟಿಯನ್ನೇ.

2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಇದಕ್ಕೊಂದು ತಿದ್ದುಪಡಿ ತಂದರು. ಸಮಸ್ಯೆ ಏನೆಂದರೆ, ಕೆಲಸದ ಗುಣಮಟ್ಟ ಅಳೆಯಲು ಸಿಗುವುದು ಆಯ್ಕೆಯಾದವರು ಮಾತ್ರ. ತಿರಸ್ಕೃತರ ಲೆಕ್ಕ ಸಿಗುವುದಿಲ್ಲ. ಈ ಕೊರತೆಯನ್ನು ಸರಿದೂಗಿಸಲು ಹಳೆಯ ಸಂಶೋಧಕರು ಸಂಖ್ಯೆಗಳನ್ನು ಸ್ವಲ್ಪ ಏರಿಸುತ್ತಿದ್ದರು. ಹಲವು ಕಡೆ ಏರಿಸಿದ್ದು ಅತಿಯಾಗಿದೆ ಎಂದು ಸ್ಯಾಕೆಟ್ ತಂಡ ತೋರಿಸಿತು. ಹೊಸ ಲೆಕ್ಕದಲ್ಲಿ ಬಹುತೇಕ ಎಲ್ಲವೂ ಕೆಳಗಿಳಿದವು. ಚೌಕಟ್ಟಿನ ಸಂದರ್ಶನ 0.42ರೊಂದಿಗೆ ಮೇಲೆ ನಿಂತಿತು. ಕೆಲಸದ ಮಾದರಿ 0.33, ಬುದ್ಧಿಶಕ್ತಿ ಪರೀಕ್ಷೆ 0.31. ಲೋಕಾಭಿರಾಮದ ಸಂದರ್ಶನ 0.19ಕ್ಕೆ ಕುಸಿಯಿತು.

ಎಷ್ಟು ವರ್ಷ ಅನುಭವ ಇದೆ ಎನ್ನುವುದಕ್ಕೆ ಸಿಕ್ಕಿದ್ದು 0.1ಕ್ಕಿಂತ ಕಡಿಮೆ. ಜಾಹೀರಾತುಗಳಲ್ಲಿ ಕಣ್ಣಿಗೆ ಹೊಡೆಯುವಂತೆ ಇರುವ "ಕನಿಷ್ಠ 5 ವರ್ಷ ಅನುಭವ" ಎಂಬ ಷರತ್ತನ್ನು ಇದರ ಪಕ್ಕ ಇಟ್ಟು ನೋಡಿ. ಹತ್ತು ವರ್ಷದಲ್ಲಿ ಒಬ್ಬರು ಹತ್ತು ವರ್ಷದ್ದು ಕಲಿತಿರಬಹುದು. ಇನ್ನೊಬ್ಬರು ಮೊದಲ ವರ್ಷದ್ದನ್ನೇ ಹತ್ತು ಸಲ ಮಾಡಿರಬಹುದು. ಏನು ಮಾಡಿದ್ದಾರೆ ಎಂಬುದನ್ನು ಕೇಳದೆ ವರ್ಷ ಎಣಿಸಿದರೆ ಇಬ್ಬರೂ ಒಂದೇ.

ಇನ್ನೂ ಒಂದು ಗಮನಿಸಿ. ಎಲ್ಲಕ್ಕಿಂತ ಮೇಲಿರುವುದೂ 0.42 ಅಷ್ಟೇ. ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಆಯ್ಕೆಗಳು ತಪ್ಪುತ್ತವೆ. ತಪ್ಪೇ ಆಗದ ವಿಧಾನ ಮಾರುತ್ತೇವೆ ಎನ್ನುವವರನ್ನು ನಂಬಬೇಕಾಗಿಲ್ಲ.

ಕೆಲಸಕ್ಕೆ ಸಂಬಂಧವಿಲ್ಲದ ಜರಡಿ

ಡಿಗ್ರಿ ಕೇಳುವುದು ಸುಲಭದ ಜರಡಿ. ಅದು ಕೆಲಸಕ್ಕೆ ನಿಜವಾಗಿ ಬೇಕೇ ಎನ್ನುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಇದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಒಳ್ಳೆಯ ಹುದ್ದೆಗಳಿಗೆ ಹೈಸ್ಕೂಲ್ ಸರ್ಟಿಫಿಕೇಟನ್ನೂ ಪರೀಕ್ಷೆಗಳನ್ನೂ ಕಡ್ಡಾಯ ಮಾಡಿತ್ತು. ಇದರಿಂದ ಕಪ್ಪು ಜನಾಂಗದ ಕೆಲಸಗಾರರು ಹೊರಗುಳಿಯುತ್ತಿದ್ದರು. ಸರ್ಟಿಫಿಕೇಟ್ ಇಲ್ಲದೆ ಮೊದಲೇ ಸೇರಿದ್ದವರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದರು! ಕೆಲಸಕ್ಕೆ ಸಂಬಂಧ ತೋರಿಸಲಾಗದ ಇಂಥ ಷರತ್ತು ಕಾನೂನಿಗೆ ವಿರುದ್ಧ ಎಂದು 1971ರಲ್ಲಿ ತೀರ್ಪು ಬಂತು.

ಹೆಸರು ಕೂಡ ಜರಡಿಯಾಗಬಹುದು. 2004ರಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂದಿಲ್ ಮುಲ್ಲೈನಾಥನ್ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್ ಮತ್ತು ಶಿಕಾಗೋ ನಗರಗಳ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಲಾಗಿತ್ತು. ವ್ಯಕ್ತಿಗಳು ಕಾಲ್ಪನಿಕ, ಅರ್ಹತೆ ಸಮಸಮ, ಹೆಸರು ಮಾತ್ರ ಬೇರೆ. ಬಿಳಿಯರದ್ದು ಅನಿಸುವ ಹೆಸರುಗಳಿಗೆ ಕರೆ ಬಂದದ್ದು ಶೇ 50ರಷ್ಟು ಹೆಚ್ಚು. ಕರೆ ಮಾಡದವರೆಲ್ಲ ಬೇಕೆಂದೇ ಹಾಗೆ ಮಾಡಿದರು ಎನ್ನಲಾಗದು. ರಾಶಿ ಬಿದ್ದ ಅರ್ಜಿಗಳನ್ನು ಬೇಗ ಮುಗಿಸುವ ಧಾವಂತದಲ್ಲಿ ಮನಸ್ಸು ಪರಿಚಿತ ದಾರಿ ಹಿಡಿಯುತ್ತದೆ.

ಇದಕ್ಕೆ ಉಪಾಯ ಹಳೆಯದೇ. ಸೋಂಗ್ ರಾಜವಂಶದ ಕಾಲದ ಚೀನಾದಲ್ಲಿ ಸರ್ಕಾರಿ ಹುದ್ದೆಯ ಪರೀಕ್ಷೆ ಬರೆದವರ ಹೆಸರನ್ನು ಮುಚ್ಚುತ್ತಿದ್ದರು. ಅಷ್ಟು ಸಾಲದೆಂದು, ಕೈಬರಹದ ಗುರುತೂ ಹತ್ತದಂತೆ ಗುಮಾಸ್ತರಿಂದ ಉತ್ತರಗಳನ್ನು ಬೇರೆ ಹಾಳೆಗೆ ನಕಲು ಮಾಡಿಸುತ್ತಿದ್ದರು. ಮೊದಲ ಸುತ್ತಿನಲ್ಲಿ ಹೆಸರು, ಫೋಟೋ, ವಯಸ್ಸು ಮುಚ್ಚಿ ಅರ್ಜಿ ನೋಡುವುದು ಇವತ್ತಿಗೂ ಖರ್ಚಿಲ್ಲದ ಕೆಲಸ.

"ನಮ್ಮ ತಂಡಕ್ಕೆ ಹೊಂದುತ್ತಾರಾ?" ಎಂಬ ಮಾತಿನ ಬಗ್ಗೆಯೂ ಹುಷಾರಾಗಿರಬೇಕು. ಬಹಳ ಸಲ ಅದರ ಅರ್ಥ "ನಮ್ಮ ಹಾಗೇ ಇದ್ದಾರಾ?" ಅಂತ.

ಯಂತ್ರಕ್ಕೆ ಬಿಟ್ಟರೆ?

ಯಂತ್ರಕ್ಕೆ ಪಕ್ಷಪಾತ ಇಲ್ಲವಲ್ಲ, ಅದೇ ಆರಿಸಲಿ ಅನ್ನಬಹುದು. ಅಮೆಜಾನ್ 2014ರಿಂದ ಅಂಥದ್ದೊಂದು ಸಾಫ್ಟ್‌ವೇರ್ ಕಟ್ಟಲು ಹೊರಟಿತ್ತು. ಹತ್ತು ವರ್ಷಗಳಲ್ಲಿ ಬಂದಿದ್ದ ರೆಸ್ಯೂಮೆಗಳನ್ನು ಕೊಟ್ಟು ಕಲಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ ಯಂತ್ರ ಗಂಡಸರೇ ಮೇಲು ಎಂದು ಕಲಿತು, ಮಹಿಳೆಯರ ಚೆಸ್ ಕ್ಲಬ್ಬು ಎಂಬಂಥ ಪದ ಕಂಡರೂ ಅಂಕ ಕಡಿಮೆ ಮಾಡುತ್ತಿತ್ತು. ಆ ಯೋಜನೆಯನ್ನು ಕೈಬಿಟ್ಟಿದ್ದು 2018ರಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಂತು.

ನಿಯಮಗಳೂ ಬರುತ್ತಿವೆ. ನೇಮಕಾತಿಗೆ ಬಳಸುವ ಸ್ವಯಂಚಾಲಿತ ಸಾಧನಗಳಲ್ಲಿ ಪಕ್ಷಪಾತ ಇದೆಯೇ ಎಂದು ಪ್ರತಿವರ್ಷ ತಪಾಸಣೆ ಮಾಡಿಸಬೇಕೆಂಬ ಕಾನೂನು ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ ಜಾರಿಯಲ್ಲಿದೆ. ಯುರೋಪಿನ ಒಕ್ಕೂಟ 2024ರಲ್ಲಿ ತಂದ ಕೃತಕ ಬುದ್ಧಿಮತ್ತೆ ಕಾಯ್ದೆ, ನೇಮಕಾತಿಯ ಸಾಫ್ಟ್‌ವೇರನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದೆ.

ಬರುವವರೇ ಸರಿ ಇಲ್ಲದಿದ್ದರೆ

ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲ ಕಡೆ ಒಂದೇ ಥರ ಫಲ ಕೊಡುವುದಿಲ್ಲ. 1939ರಷ್ಟು ಹಿಂದೆಯೇ ಟೇಲರ್ ಮತ್ತು ರಸೆಲ್ ಎಂಬ ಇಬ್ಬರು ಇದನ್ನು ಕೋಷ್ಟಕ ಹಾಕಿ ತೋರಿಸಿದ್ದರು. ಹತ್ತು ಹುದ್ದೆಗೆ ಹನ್ನೊಂದು ಅರ್ಜಿ ಬಂದರೆ ಆರಿಸುವುದಕ್ಕೇ ಏನೂ ಇಲ್ಲ, ಅಲ್ಲಿ ಪರೀಕ್ಷೆಯಿಂದ ಪ್ರಯೋಜನ ಕಡಿಮೆ. ಬಂದವರಲ್ಲಿ ಬಹುತೇಕ ಎಲ್ಲರೂ ಆ ಕೆಲಸ ಮಾಡಬಲ್ಲವರೇ ಆಗಿದ್ದರೂ ಅಷ್ಟೇ. ಅರ್ಜಿಗಳು ಸಾಕಷ್ಟಿದ್ದು, ಅವರಲ್ಲಿ ಮಾಡಬಲ್ಲವರೂ ಮಾಡಲಾಗದವರೂ ಬೆರೆತಿದ್ದಾಗ ಒಳ್ಳೆಯ ವಿಧಾನದ ಬೆಲೆ ಗೊತ್ತಾಗುತ್ತದೆ.

ಹಾಗಾಗಿ ಜಾಹೀರಾತಿನಲ್ಲೇ ಅರ್ಧ ಕೆಲಸ ಆಗಬೇಕು. ದಿನನಿತ್ಯ ಮಾಡಬೇಕಾದ್ದು ಏನು, ಸಂಬಳ ಎಷ್ಟು, ಬೇಸರದ ಭಾಗ ಯಾವುದು, ಇವನ್ನು ಮುಚ್ಚುಮರೆಯಿಲ್ಲದೆ ಬರೆಯುವುದು. ರಾತ್ರಿ ಪಾಳಿ ಇದ್ದರೆ ಇದೆ ಅನ್ನುವುದು. ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ, ನಿಜ. ಸೇರಿ ಎರಡೇ ತಿಂಗಳಿಗೆ ಬಿಟ್ಟು ಹೋಗುವುದಕ್ಕಿಂತ ಅದು ಎಷ್ಟೋ ವಾಸಿ.

ಸಣ್ಣ ಸಂಸ್ಥೆಗೂ ಸಾಧ್ಯವೇ?

ಸಾಧ್ಯ. ಹಣಕ್ಕಿಂತ ಹೆಚ್ಚಾಗಿ ಇದಕ್ಕೆ ಬೇಕಾದ್ದು ಮೊದಲೇ ಕೂತು ಬರೆಯುವ ತಾಳ್ಮೆ. ಐದಾರು ಪ್ರಶ್ನೆ, ಪ್ರತಿಯೊಂದಕ್ಕೂ ಅಂಕದ ಅಳತೆ, ಒಂದು ಗಂಟೆಯೊಳಗಿನ ಒಂದು ಮಾದರಿ ಕೆಲಸ. ಹಳೆಯ ಕಂಪನಿಯವರಿಗೆ ಫೋನ್ ಮಾಡಿದರೆ "ಹೇಗಿದ್ದರು?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದ್ದರು ಅಂತಲೇ ಹೇಳುತ್ತಾರೆ. "ಅವರ ಜವಾಬ್ದಾರಿ ಏನಿತ್ತು? ಮತ್ತೆ ಅವಕಾಶ ಸಿಕ್ಕರೆ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ ಉತ್ತರಕ್ಕೆ ಮುಂಚಿನ ತಡವರಿಕೆಯೂ ಸ್ವಲ್ಪ ಹೇಳುತ್ತದೆ.

ಬಹುತೇಕ ಯಾರೂ ಮಾಡದ ಕೆಲಸ ಇನ್ನೊಂದಿದೆ. ಸಂದರ್ಶನದ ಅಂಕಪಟ್ಟಿಯನ್ನು ಎಸೆಯದೆ ಇಟ್ಟುಕೊಂಡು, ಒಂದು ವರ್ಷದ ಮೇಲೆ ಆ ವ್ಯಕ್ತಿಯ ಕೆಲಸದ ಪಕ್ಕದಲ್ಲಿಟ್ಟು ನೋಡುವುದು. ಐದಾರು ಜನರ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೆ ಯಾವ ಪ್ರಶ್ನೆಗೆ ಎಲ್ಲರೂ 5 ಪಡೆದಿದ್ದಾರೆ ಎನ್ನುವುದು ಕಾಣುತ್ತದೆ, ಅದನ್ನು ತೆಗೆದುಹಾಕಬಹುದು. ಯಾವ ಸಂದರ್ಶಕರು ಎಲ್ಲರಿಗೂ ಕೈಬಿಚ್ಚಿ ಅಂಕ ಕೊಡುತ್ತಾರೆ ಎನ್ನುವುದೂ ಕಾಣುತ್ತದೆ. ಸೇರಿದವರು ನಿಜವಾಗಿ ಎಡವಿದ್ದು ಎಲ್ಲಿ ಎಂದು ನೋಡಿದರೆ, ಮುಂದಿನ ಸಲ ಕೇಳಬೇಕಾದ ಪ್ರಶ್ನೆಯೂ ಅಲ್ಲೇ ಸಿಗುತ್ತದೆ.